ನ್ಯಾಯಬೆಲೆ ಅಂಗಡಿಯ ಸಾರವರ್ಧಿತ ಅಕ್ಕಿ: ಬಳಕೆದಾರನ ಅನಿಸಿಕೆ

ಸೋಮವಾರಪೇಟೆ ಸಮೀಪದ ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಸರಿಯಾಗಿಯೇ ಇರುತ್ತದೆ. ಆದರೆ ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟು ಬೆರಳ ಗುರುತು ಪಡೆಯುವ ಯಂತ್ರ ನಿಂತರೆ, ತೋಟದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಇಲ್ಲಿ ಕೊಡುವ ಸಾರವರ್ಧಿತ ಅಕ್ಕಿಯಲ್ಲಿ, ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ವಿಟಮಿನ್ ಬಿ12 ಬೆರೆಸಿ ಅಕ್ಕಿಯ ಆಕಾರದಲ್ಲೇ ತಯಾರಿಸಿದ ಕಾಳುಗಳು ಸುಮಾರು ನೂರಕ್ಕೆ ಒಂದರಂತೆ ಸೇರಿರುತ್ತವೆ. ಇದನ್ನು ವಿವರಿಸುವ ಒಂದು ಫಲಕವೂ ಅಂಗಡಿಯಲ್ಲಿಲ್ಲದ ಕಾರಣ, ಬಣ್ಣದಲ್ಲಿ ಕೊಂಚ ಬೇರೆಯಾಗಿ ಕಾಣುವ ಆ ಕಾಳುಗಳನ್ನೇ ಪ್ಲಾಸ್ಟಿಕ್ ಅಕ್ಕಿಯೆಂದು ಹಲವರು ಆರಿಸಿ ಎಸೆಯುತ್ತಾರೆ (ನಮ್ಮ ಮನೆಯಲ್ಲೂ ಮೊದಲು ಹಾಗೆಯೇ ಆಯಿತು). ಅನ್ನಕ್ಕೆ ಈ ಅಕ್ಕಿ ಅಡ್ಡಿಯಿಲ್ಲ. ಕೊಡಗಿನ ಉಂಡೆ ಕಡುಬಾದ ಕಡಂಬುಟ್ಟಿಗೆ ಮಾತ್ರ ಊರಿನ ಗದ್ದೆಯ ಅಕ್ಕಿತರಿಯೇ ಆಗಬೇಕು. ಕ್ಯಾಲ್ಸಿಯಂ ಬೇಕೆಂದರೆ, ನೂರು ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕೊಡುವ ರಾಗಿಯನ್ನು ಬೇರೆಯಾಗಿಯೇ ಕೊಳ್ಳಬೇಕು.