‘ಮುಟ್ಟಿನ ಹಾಗೇ ಇರುತ್ತೆ’ ಎಂದು ಮಾತ್ರೆ ಕೊಟ್ಟು ಕಳಿಸಿದರೆ ಸುಮ್ನೆ ಎದ್ದು ಬರಬೇಡಿ

ಮಾತ್ರೆ ತೆಗೆದುಕೊಂಡು ಮನೆಯಲ್ಲೇ ಗರ್ಭ ತೆಗೆಸಿಕೊಳ್ಳಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ನನಗೆ ಬೇಡ. ಮಾತ್ರೆಯ ಬಗ್ಗೆಯೂ ನನಗೆ ಸಿಟ್ಟಿಲ್ಲ. ಸರಿಯಾದ ಮಾಹಿತಿ, ಒಳ್ಳೆಯ ಮಾತ್ರೆ, ಬೇಕಾದಾಗ ವೈದ್ಯರ ನೆರವು ಇಷ್ಟೂ ಇದ್ದರೆ 12 ವಾರದೊಳಗೆ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆಯಾ ದೇಶದ ಕಾನೂನು ಬೇರೆ ಇರಬಹುದು, ಅದನ್ನು ಕೇಳಿ ತಿಳಿದುಕೊಳ್ಳಿ. ನನಗೆ ಮಾತ್ರೆಯೇನೋ ಸಿಕ್ಕಿತು. ಮಾಹಿತಿ ಸಿಗಲಿಲ್ಲ.

ಕ್ಲಿನಿಕ್‌ನವರು ವಯಸ್ಸು ಕೇಳಿದರು, ಕೊನೆಯ ಮುಟ್ಟಿನ ತಾರೀಕು ಕೇಳಿದರು. "ಸ್ವಲ್ಪ ಜಾಸ್ತಿ ಮುಟ್ಟಾದ ಹಾಗೆ ಇರುತ್ತೆ, ಅಷ್ಟೇ" ಎಂದರು. ಮುಗಿಯಿತು. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೂಡ ಕೇಳಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ತುಂಬಾ ದಿನದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ರಕ್ತಸ್ರಾವದ ಕಾಯಿಲೆ ಇರುವವರು ಇದನ್ನು ವೈದ್ಯರಿಗೆ ಹೇಳದೆ ಮುಂದುವರಿಯಬಾರದು. ಕಾಪರ್ ಟಿ ಒಳಗಿದ್ದರೆ ಮೊದಲು ಅದನ್ನು ತೆಗೆಸಬೇಕು. ಇನ್ನೂ ದೊಡ್ಡ ವಿಷಯ ಒಂದಿದೆ. ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸವೇ ಮಾಡುವುದಿಲ್ಲ. ನಾಳ ಒಡೆದರೆ ಜೀವಕ್ಕೇ ಅಪಾಯ. ಕೆಳಹೊಟ್ಟೆಯ ಒಂದೇ ಕಡೆ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆ ತಿರುಗಿ ಬೀಳುವ ಹಾಗಾಗುವುದು ಇವು ಅದರ ಸೂಚನೆ. ಹಾಗಾದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಮೊದಲ ಮಾತ್ರೆ ಮಿಫೆಪ್ರಿಸ್ಟೋನ್. ಗರ್ಭ ಉಳಿಯಲು ಬೇಕಾದ ಹಾರ್ಮೋನನ್ನು ಅದು ತಡೆಯುತ್ತದೆ. ಅದನ್ನು ನುಂಗಿದಾಗ ಸ್ವಲ್ಪ ಹೊಟ್ಟೆ ತೊಳಸಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಬಹಳ ಜನರಿಗೆ ಹಾಗೇ. ಇಷ್ಟೇನಾ ಅನಿಸಿತು. ಅಸಲಿ ಕೆಲಸ ಶುರುವಾಗುವುದು 24ರಿಂದ 48 ಗಂಟೆಯ ನಂತರ ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್‌ನಿಂದ. ಗರ್ಭಕೋಶವನ್ನು ಹಿಂಡಿ ಖಾಲಿ ಮಾಡಿಸುವುದು ಅದೇ. ಇದನ್ನು ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಅಥವಾ ಯೋನಿಯ ಒಳಗೆ ಇಡುತ್ತಾರೆ. ಬಾಯಲ್ಲಾದರೆ ಅರ್ಧ ಗಂಟೆ ಕರಗಲು ಬಿಟ್ಟು, ಉಳಿದದ್ದನ್ನು ನೀರಿನ ಜೊತೆ ನುಂಗಬೇಕು. ನನ್ನ ಚೀಟಿಯಲ್ಲಿ ಮಾತ್ರೆಯ ಹೆಸರು, ಸಮಯ ಮಾತ್ರ ಇತ್ತು. ಎಲ್ಲಿ ಇಡಬೇಕು ಎಂದು ಫೋನ್ ಮಾಡಿ ಕೇಳಬೇಕಾಯಿತು.

ಆಮೇಲೆ ಬಂದದ್ದು ಮುಟ್ಟಿನ ನೋವಲ್ಲ. ಬಿಟ್ಟು ಬಿಟ್ಟು ಬಂದು, ಸೊಂಟದಿಂದ ತೊಡೆಯವರೆಗೆ ಇಳಿಯುವ ನೋವು. ಜೊತೆಗೆ ಚಳಿ, ಮೈ ನಡುಕ, ಭೇದಿ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಏನೋ ಎಡವಟ್ಟಾಗಿದೆ ಎಂದು ಅಕ್ಕ ಅಳಲು ಶುರು ಮಾಡಿದಳು. ಆ ಕೆಲವು ಗಂಟೆಗಳ ಚಳಿಜ್ವರ, ಭೇದಿ ಎಲ್ಲ ಆ ಮಾತ್ರೆಯಿಂದ ಬರುವ ಮಾಮೂಲಿ ತೊಂದರೆಗಳಂತೆ. ಒಂದು ಸಾಲು ಹೇಳಿದ್ದರೆ ಸಾಕಿತ್ತು, ಅಲ್ವಾ? ಆದರೆ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿ, 24 ಗಂಟೆ ಕಳೆದರೂ ಇಳಿಯದಿದ್ದರೆ ಅದು ಸೋಂಕಿರಬಹುದು. ಕೆಟ್ಟ ವಾಸನೆಯ ಸ್ರಾವವೂ ಅಷ್ಟೇ.

ನೋವಿಗೆ ಅವರು ಹೇಳಿದ್ದು ಪ್ಯಾರಸಿಟಮಾಲ್. ಈ ನೋವಿಗೆ ಐಬುಪ್ರೊಫೆನ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಮಿಸೊಪ್ರೊಸ್ಟಾಲ್‌ನ ಕೆಲಸವನ್ನೂ ಕೆಡಿಸುವುದಿಲ್ಲ. ನೋವು ಏರಿದ ಮೇಲೆ ಹುಡುಕುವ ಬದಲು ಮೊದಲೇ ತಂದಿಟ್ಟುಕೊಳ್ಳಿ. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ತೊಂದರೆ ಇರುವವರು ಬೇರೆ ಏನು ತೆಗೆದುಕೊಳ್ಳಬಹುದು ಎಂದು ಕೇಳಿಕೊಳ್ಳಿ. ಬಿಸಿನೀರಿನ ಚೀಲದಿಂದಲೂ ಆರಾಮ ಸಿಗುತ್ತದೆ.

ಇನ್ನು ಬ್ಲೀಡಿಂಗ್. ಗಡ್ಡೆ ಗಡ್ಡೆಯಾಗಿ ರಕ್ತ ಹೋಗುವುದು ಸಹಜ. ಯಾವಾಗ ಸಹಜವಲ್ಲ? ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಹಾಗೇ ಸತತ ಎರಡು ಗಂಟೆ ಆದರೆ ತಕ್ಷಣ ಹೊರಡಬೇಕು. ಈ ಲೆಕ್ಕ ನನಗೆ ಯಾರೂ ಕೊಟ್ಟಿರಲಿಲ್ಲ. ಪುಣ್ಯಕ್ಕೆ ಅಕ್ಕ ಪ್ಯಾಡ್ ಬದಲಿಸಿದಾಗಲೆಲ್ಲ ಟೈಮ್ ಬರೆದಿಡುತ್ತಿದ್ದಳು. ಹೊತ್ತು ಮುಳುಗಿದ ಮೇಲೂ ರಕ್ತ ನಿಲ್ಲಲಿಲ್ಲ. ಕ್ಲಿನಿಕ್‌ನ ನಂಬರಿಗೆ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಅದು ಕ್ಲಿನಿಕ್ ತೆರೆದಿರುವಾಗ ಮಾತ್ರ ಎತ್ತುವ ನಂಬರಂತೆ! ಬಾತ್‌ರೂಮಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದೆ. ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ, ಗಾಡಿ ಯಾರದ್ದು ಎಂದು ಅಕ್ಕ ಆಗ ಹುಡುಕಬೇಕಾಯಿತು. ಈ ಹುಡುಕಾಟವನ್ನು ಮಾತ್ರೆ ಬಿಚ್ಚುವ ಮೊದಲೇ ಮುಗಿಸಿಡಿ. ರಾತ್ರಿಯೂ ಫೋನ್ ಎತ್ತುವ ನಂಬರ್ ಕೊಡದವರ ಹತ್ತಿರ ಮಾತ್ರೆ ತೆಗೆದುಕೊಳ್ಳಲೇಬೇಡಿ ಎನ್ನುತ್ತೇನೆ ನಾನು. ಒಬ್ಬರೇ ಇರುವ ಸಾಹಸವಂತೂ ಬೇಡ.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಎಷ್ಟು ವಾರ, ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಸೇರಿದ ದಿನದಿಂದಲ್ಲ. ಚೀಟಿ, ಸ್ಕ್ಯಾನ್ ರಿಪೋರ್ಟ್ ಇದ್ದರೆ ಒಂದು ಚೀಲಕ್ಕೆ ಹಾಕಿಟ್ಟಿರಿ. ನನ್ನ ಗರ್ಭಕೋಶದಲ್ಲಿ ಸ್ವಲ್ಪ ಉಳಿದುಕೊಂಡಿತ್ತು. ಅದನ್ನು ಸಕ್ಷನ್ ಮಾಡಿ ತೆಗೆದರು. ಹೀಗಾಗುವುದು ನೂರರಲ್ಲಿ ಕೆಲವರಿಗೆ ಮಾತ್ರ. ಅಲ್ಲಿ ಯಾರೂ ಬೈಯಲಿಲ್ಲ, ಚುಚ್ಚಿ ಮಾತಾಡಲಿಲ್ಲ. ಆ ಹೆದರಿಕೆಯಿಂದ ತಡ ಮಾಡುವವರು ಇದನ್ನು ಗಮನಿಸಿ.

ಒಂದು ವಾರಕ್ಕೆ ಮನೆಯಲ್ಲಿ ಟೆಸ್ಟ್ ಮಾಡಿಕೊಳ್ಳಿ ಎಂದೂ ಕ್ಲಿನಿಕ್‌ನವರು ಹೇಳಿದ್ದರು. ಮಾಡಿಕೊಂಡೆ, ಪಾಸಿಟಿವ್ ಬಂತು, ಜೀವ ಬಾಯಿಗೆ ಬಂತು. ಹಾರ್ಮೋನು ಮೈಯಿಂದ ಇಳಿಯಲು ಸಮಯ ಬೇಕು. ಸುಮಾರು 4 ವಾರದವರೆಗೂ ಮಾಮೂಲಿ ಟೆಸ್ಟ್ ಪಾಸಿಟಿವ್ ತೋರಿಸಬಹುದು ಎಂದು ಆಸ್ಪತ್ರೆಯ ನರ್ಸ್ ಸಮಾಧಾನ ಮಾಡಿದರು. ಮುಂದಿನ ಮುಟ್ಟು ಬರುವ ಮೊದಲೇ ಮತ್ತೆ ಗರ್ಭ ನಿಲ್ಲಬಹುದು, ಈಗಿನಿಂದಲೇ ಏನಾದರೂ ಗರ್ಭನಿರೋಧಕ ಬಳಸಿ ಎಂದು ಹೇಳಿದ್ದೂ ಅವರೇ. ಮಾತ್ರೆ ಕೊಟ್ಟವರು ಅದನ್ನೂ ಹೇಳಿರಲಿಲ್ಲ.