ಗುಜರಿ ಬಾಟಲಿಯೋ ಹೊಸ ಜಾರೋ: ಜೇನು, ಜೋನಿ ಬೆಲ್ಲ, ಮಿಡಿ ಉಪ್ಪಿನಕಾಯಿಗೆ ಯಾವುದು?

ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನುನೊಣದ ತುಡುವೆ ಜೇನು, ನೀರಾದ ಜೋನಿ ಬೆಲ್ಲ, ಎಳೆ ಮಾವಿನಕಾಯಿಯ ಅಪ್ಪೆಮಿಡಿ ಉಪ್ಪಿನಕಾಯಿ. ಮಲೆನಾಡಿನ ಸಾಗರ, ಹೊಸನಗರ ಕಡೆಯ ಮನೆಗಳಿಂದ ಮಾರಾಟಕ್ಕೆ ಹೋಗುವ ಈ ಮೂರನ್ನೂ ಮೂರು ಬಗೆಯ ಗಾಜಿನಲ್ಲಿ ತುಂಬಿ ನೋಡಿದ್ದಾಯಿತು: ಗುಜರಿಯಿಂದ ತಂದು ತೊಳೆದ ಬಾಟಲಿ, ಹೊಸ ಅಗಲಬಾಯಿ ಜಾರ್, ಕತ್ತು ತೆಗೆದ ಬಾಟಲಿ. ಒಂದು ಮಳೆಗಾಲ ದಾಟಿಸಿದರೆ ಸಾಕು, ಗಾಜಿಗಿಂತ ಮೊದಲು ಕೈಕೊಡುವುದು ಮುಚ್ಚಳ ಅಂತ ಗೊತ್ತಾಗುತ್ತದೆ.

ಜೇನಿಗೂ ಜೋನಿ ಬೆಲ್ಲಕ್ಕೂ ಗುಜರಿ ಬಾಟಲಿಯೇ ಮೇಲು. ಜೇನು ನೀರಿಗಿಂತ ಸುಮಾರು 1.4 ಪಟ್ಟು ಭಾರ, 750 ಮಿ.ಲೀ. ಬಾಟಲಿಗೆ 1 ಕಿಲೋ ತುಂಬಿ ಮೇಲೆ ಸ್ವಲ್ಪ ಜಾಗ ಉಳಿಯುತ್ತದೆ. ಬಿಯರ್ ಬಾಟಲಿ 650 ಮಿ.ಲೀ., ತೂಕದ ಲೆಕ್ಕಕ್ಕೆ ಕೂರುವುದಿಲ್ಲ. ಅದರ ತಗಡಿನ ಬಿರಡೆಯನ್ನು ತೆಗೆದ ಮೇಲೆ ಮತ್ತೆ ಹಾಕಲೂ ಬರುವುದಿಲ್ಲ. ಕತ್ತಿನೊಳಗೆ ಗೋಲಿ ಕೂತ ಪ್ಲಾಸ್ಟಿಕ್ ಬಿರಡೆ ಇರುವ ಬಾಟಲಿಗೆ ಮತ್ತೆ ತುಂಬಲು ಬರುವುದಿಲ್ಲ, ಅದನ್ನು ಗುಜರಿಯಲ್ಲೇ ಬಿಟ್ಟುಬನ್ನಿ.

ಆರಿಸುವಾಗ ಬಾಯಿಯ ಅಂಚಿನ ಸುತ್ತ ಹಳೆ ಪಂಚೆಯ ತುಂಡು ಎಳೆಯಿರಿ. ನೂಲು ಸಿಕ್ಕಿಕೊಂಡರೆ ಅಲ್ಲಿ ಚಕ್ಕೆ ಎದ್ದಿದೆ, ಬೇಡ. ಸೀಮೆಎಣ್ಣೆ, ಕಳೆನಾಶಕ, ಫಿನಾಯಿಲ್ ವಾಸನೆಯ ಸುಳಿವು ಇದ್ದರೂ ಬೇಡ, ಎಷ್ಟು ತೊಳೆದರೂ ಆ ನಂಬಿಕೆ ಬರುವುದಿಲ್ಲ.

10 ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಲೇಬಲ್ ಕಾಗದ ಬೆಳಗ್ಗೆ ತಾನೇ ಜಾರುತ್ತದೆ; ಸ್ಟಿಕರ್ ಅಂಟು ಜಗ್ಗದಿದ್ದರೆ ಕೊಬ್ಬರಿ ಎಣ್ಣೆ ಸವರಿ ಅರ್ಧ ತಾಸು ಬಿಡಿ. ಬ್ರಷ್ ಹಾಕಿ ಮೂರು ನೀರಲ್ಲಿ ತೊಳೆದು, ತಳಕ್ಕೆ ಬಟ್ಟೆ ಹಾಸಿದ ಹಂಡೆಯಲ್ಲಿ ತಣ್ಣೀರಿನಿಂದಲೇ ಶುರುಮಾಡಿ ಕಾಯಿಸಿ, ಕುದಿ ಬಂದ ಮೇಲೆ 10 ನಿಮಿಷ ಬಿಡಿ. ಬಿಸಿ ಬಾಟಲಿಯನ್ನು ತಣ್ಣನೆ ನೆಲಕ್ಕೆ ಇಟ್ಟಿರೋ, ತಳ ಕಳಚಿ ಬರುತ್ತದೆ.

ಆಷಾಢದಲ್ಲಿ ಒಣಗಿಸುವುದೇ ದೊಡ್ಡ ಪೇಚು. ಬೋರಲು ಹಾಕಿದರೂ ಎರಡು ದಿನಕ್ಕೂ ಒಳಗೆ ಹನಿ ನಿಂತಿರುತ್ತದೆ. ತುಡುವೆ ಜೇನಿನಲ್ಲಿ ಮೊದಲೇ ನೀರಂಶ ಹೆಚ್ಚು. 20 ಶೇಕಡಾ ದಾಟಿತೆಂದರೆ ಹುಳಿಬರುವ ಭಯ. ತಳದ ಒಂದು ಚಮಚ ನೀರೇ ಜೇನನ್ನು ನೊರೆಗಟ್ಟಿಸಿ ಮುಚ್ಚಳ ಎಬ್ಬಿಸಬಲ್ಲದು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆ ವಾಸನೆ ಹಿಡಿಯುತ್ತದೆ, ಆಮೇಲೆ ಗಿರಾಕಿಗೆ ಉತ್ತರ ಹೇಳಬೇಕು. ಓವನ್ನಿನಲ್ಲಿ 110 ಡಿಗ್ರಿಗೆ 20 ನಿಮಿಷ ಇಟ್ಟು, ಅದರೊಳಗೇ ಆರಲು ಬಿಡುವುದು ವಾಸಿ. ಮುಚ್ಚಳ ಮಾತ್ರ ಹೊಸದೇ ಬೇಕು. ತರಲು ಹೋಗುವಾಗ ಬಾಟಲಿಯನ್ನೇ ಒಯ್ದು ತಿರುಗಿಸಿ ನೋಡಿ.

ಉಪ್ಪಿನಕಾಯಿಗೆ ಈ ಲೆಕ್ಕವೆಲ್ಲ ತಲೆಕೆಳಗು. ಇಡೀ ಮಿಡಿ ಆ ಕತ್ತಿನಲ್ಲಿ ಇಳಿಯದು, ಬಲವಂತವಾಗಿ ಇಳಿಸಿದರೂ ತೆಗೆಯಲು ಬರದು. ಇಲ್ಲಿ ಹೊಸ ಅಗಲಬಾಯಿ ಜಾರಿಗೆ ದುಡ್ಡು ಕೊಡುವುದೇ ಸರಿ. ಹೊಸದು ಕೊಂಡರೆ ಹಳೆ ಗಾಜು ದಂಡವಾಯಿತು ಅಂತೇನಿಲ್ಲ, ಕಾರ್ಖಾನೆಯಲ್ಲಿ ಹಳೆ ಗಾಜಿನ ಚೂರನ್ನೂ ಸೇರಿಸಿ ಕರಗಿಸಿಯೇ ಜಾರ್ ಮಾಡುತ್ತಾರೆ. 10 ಶೇಕಡಾ ಚೂರು ಸೇರಿದರೆ ಇಂಧನ 2.5ರಿಂದ 3 ಶೇಕಡಾ ಉಳಿಯುತ್ತದೆ. ಮುಚ್ಚಳದ ಒಳಲೇಪ ಗೀರಿದ ಕಡೆಯಲ್ಲೇ ಉಪ್ಪು, ಹುಳಿ ಸೇರಿ ತುಕ್ಕು ಹತ್ತುತ್ತದೆ. ಅಂಚಿಗೆ ಅಂಟಿದ ರಸವನ್ನು ಒರೆಸದೆ ಮುಚ್ಚಬೇಡಿ. ಜಾರ್ ಖಾಲಿಯಾಗಿ ವಾಪಸ್ ಬಂದರೆ ತೊಳೆದು ಮತ್ತೆ ತುಂಬಬಹುದು, ಮುಚ್ಚಳ ಎಸೆಯಿರಿ.

ಕತ್ತು ತೆಗೆದ ಬಾಟಲಿ ತಿನ್ನುವ ಪದಾರ್ಥಕ್ಕೆ ಬೇಡವೇ ಬೇಡ. ಗೀರು ಹಾಕಿ ಬಿಸಿನೀರು, ತಣ್ಣೀರು ಸರದಿಯಲ್ಲಿ ಸುರಿದರೆ ಬಿರುಕು ಓಡುತ್ತದೆ ನಿಜ, ಆದರೆ ಗೋಡೆಯ ದಪ್ಪ ಎಲ್ಲಾ ಕಡೆ ಒಂದೇ ಇಲ್ಲದ್ದರಿಂದ ದಾರಿ ತಪ್ಪುತ್ತದೆ. ಅಂಚನ್ನು 120, 220, 400 ನಂಬರ್ ಉಪ್ಪುಕಾಗದದಲ್ಲಿ ನೀರು ಹಾಕಿಕೊಂಡೇ ಉಜ್ಜಬೇಕು. ಒಣಗಾಜಿನ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಇಷ್ಟು ಮಾಡಿದರೂ ಗಾಳಿಯಾಡದ ಮುಚ್ಚಳ ಸಿಗುವುದಿಲ್ಲ. ಪೆನ್ನು, ಗುಂಡಿ ಇಡಲು ಅಡ್ಡಿಯಿಲ್ಲ.

ಒಡೆದದ್ದನ್ನೂ ಬಿಳಿ, ಕಂದು, ಹಸಿರು ಅಂತ ಬೇರೆ ಚೀಲಕ್ಕೆ ಹಾಕಿ ಗುಜರಿಗೇ ಕೊಡಿ. ಪಿಂಗಾಣಿ ಲೋಟದ ಚೂರು ಮಾತ್ರ ಅದರಲ್ಲಿ ಸೇರಬಾರದು: ಕುಲುಮೆಯಲ್ಲಿ ಅದು ಕರಗದೆ ಹರಳಾಗಿ ಉಳಿದು, ಮುಂದೆ ತಯಾರಾಗುವ ಬಾಟಲಿ ಸರಿಯಾಗಿ ಅಲ್ಲೇ ಸೀಳುತ್ತದೆ.