ಬೈಟ್ ಕ್ರಮದ ತಪ್ಪಿಗೆ ಕ್ಯೂಎಮು ಸಾಕೇ, ನಿಜವಾದ ಯಂತ್ರ ಬೇಕೇ?

ಶಿರಸಿಯ ಮನೆಯಲ್ಲಿ ಬರೆದ ನನ್ನ ಅಡಿಕೆ ತೂಕದ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿತ್ತು. ಐಬಿಎಂನ ದೊಡ್ಡ ಕಂಪ್ಯೂಟರುಗಳ ಬಗೆಯಾದ ಎಸ್390ಎಕ್ಸ್‌ನಲ್ಲಿ ಮಾತ್ರ 1 ಕ್ವಿಂಟಲ್ ಇರಬೇಕಾದಲ್ಲಿ 16777216 ಎಂದಿತು. ಇಡೀ ಜಿಲ್ಲೆಯ ತೋಟಗಳನ್ನು ಕೊಯ್ದರೂ ಅಷ್ಟು ಅಡಿಕೆ ಸಿಗದು! ಕಡತದಲ್ಲಿದ್ದ 01 00 00 00 ಎಂಬ ನಾಲ್ಕು ಬೈಟುಗಳಲ್ಲಿ ಮೊದಲನೆಯದನ್ನು ಇಂಟೆಲ್ ಯಂತ್ರ ಬಿಡಿ ಸ್ಥಾನವೆಂದು ಓದಿದರೆ, ಎಸ್390ಎಕ್ಸ್ ಅದನ್ನೇ ಅತಿ ದೊಡ್ಡ ಸ್ಥಾನವೆಂದು ಓದುತ್ತದೆ.

ಇಂತಹ ಬೈಟ್ ಕ್ರಮದ ತಪ್ಪನ್ನು ಹುಡುಕಲು ನಾನು ಮೊದಲು ಆರಿಸುವುದು ಬೇರೆ ಬಗೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶವಾದ ಕ್ಯೂಎಮುವನ್ನೇ. ಕ್ರಾಸ್ ಕಂಪೈಲರ್‌ನಲ್ಲಿ, ಅಂದರೆ ಬೇರೆ ಬಗೆಯ ಯಂತ್ರಕ್ಕಾಗಿ ಕಟ್ಟಿಕೊಡುವ ಕಂಪೈಲರ್‌ನಲ್ಲಿ, ಕಟ್ಟಿದ ಪ್ರೋಗ್ರಾಂ ಕ್ಯೂಎಮುವಿನ ಬಳಕೆದಾರ ವಿಧಾನದಲ್ಲಿ (ಇಡೀ ಯಂತ್ರವನ್ನಲ್ಲ, ಒಂದು ಪ್ರೋಗ್ರಾಂ ಅನ್ನಷ್ಟೇ ಓಡಿಸುವ ವಿಧಾನ) ನಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಮಳೆಗಾಲದಲ್ಲಿ ಇಂಟರ್ನೆಟ್ ಹೋದರೂ ಕೆಲಸ ನಿಲ್ಲದು. ಒಂದು ತೊಡಕಿದೆ: ತಪ್ಪು ಹುಡುಕುವ ಸಾಧನವಾದ ಜಿಡಿಬಿಯನ್ನು ಕ್ಯೂಎಮುವಿನ ಒಳಗಿನಿಂದ ಓಡಿಸಲಾಗದು, ಏಕೆಂದರೆ ಒಂದು ಪ್ರೋಗ್ರಾಂ ಇನ್ನೊಂದನ್ನು ನಿಲ್ಲಿಸಿ ನೋಡಲು ಬೇಕಾದ ಪಿಟ್ರೇಸ್ ಈ ವಿಧಾನದಲ್ಲಿ ಇಲ್ಲ. ಕ್ಯೂಎಮುವಿಗೆ ಜಿ (-g) ಆಯ್ಕೆಯೊಂದಿಗೆ ಪೋರ್ಟ್ ಸಂಖ್ಯೆ ಕೊಟ್ಟು, ಹಲವು ಬಗೆಯ ಯಂತ್ರಗಳನ್ನು ಅರಿಯುವ ಜಿಡಿಬಿಯನ್ನು (gdb-multiarch) ಹೊರಗಿನಿಂದ ಜೋಡಿಸಬೇಕು. ನಾನು ಅರ್ಧ ದಿನ ಕಳೆದದ್ದು ಇಲ್ಲಿಯೇ.

ನಿಜವಾದ ಯಂತ್ರದಲ್ಲಿ ಆ ಗೋಜಿಲ್ಲ, ವೇಗವೂ ಹೆಚ್ಚು. ಮುಕ್ತ ತಂತ್ರಾಂಶ ಬರೆಯುವವರಿಗೆ ಬಗೆಬಗೆಯ ಯಂತ್ರಗಳನ್ನು ದೂರದಿಂದ ಬಳಸಲು ಕಂಪೈಲ್ ಫಾರ್ಮ್ (ಹಿಂದಿನ ಜಿಸಿಸಿ ಕಂಪೈಲ್ ಫಾರ್ಮ್) ಉಚಿತವಾಗಿ ಖಾತೆ ಕೊಡುತ್ತದೆ. ಥ್ರೆಡ್‌ಗಳ (ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಓಡುವ ಎಳೆಗಳ) ಸಮಯದ ತಪ್ಪು ಬೆರೆತಿದ್ದರೆ, ಇಲ್ಲವೇ ಕ್ಯೂಎಮುವಿನ ಮೇಲೆಯೇ ಅನುಮಾನ ಬಂದರೆ ಅಲ್ಲಿಗೆ ಹೋಗಿ.

ನನ್ನ ತಪ್ಪು ಬೈಟುಗಳನ್ನು ಇದ್ದ ಹಾಗೆಯೇ ನಕಲಿಸುವ ಮೆಮ್‌ಕಾಪಿ ಸಾಲಿನಲ್ಲಿತ್ತು. ಬೈಟುಗಳನ್ನು ಒಂದೊಂದಾಗಿ ಅದರದರ ಸ್ಥಾನಕ್ಕೆ ಶಿಫ್ಟ್ ಮಾಡಿ (ಸರಿಸಿ) ಕೂಡಿಸಿದ ಮೇಲೆ ಎರಡೂ ಕಡೆ 1 ಕ್ವಿಂಟಲ್ ಬಂತು.